ಸಣ್ಣ ಹಾಡಿನ ದೊಡ್ಡ ಹಂಬಲ

ಪಾಪ್ ಸಂಗೀತದ ಮಹತ್ವಾಕಾಂಕ್ಷೆಯನ್ನು ಸದ್ದಿನ ಗಾತ್ರದಿಂದ ಅಳೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. 1967ರಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿನ ಕೊನೆಯ ಹಾಡಿಗೆಂದು 40 ವಾದಕರ ಆರ್ಕೆಸ್ಟ್ರಾವನ್ನು ಸ್ಟುಡಿಯೋಗೆ ಕರೆಸಿತು. ಮುಂದೆ ಬಂದ ಎಷ್ಟೋ ತಂಡಗಳಿಗೆ ಅದೇ ಮೇಲ್ಪಂಕ್ತಿಯಾಯಿತು. ಮೂರು ನಿಮಿಷದ ಹಾಡು ಏಳೆಂಟು ನಿಮಿಷಕ್ಕೆ ಹಿಗ್ಗಬೇಕು, ಗಿಟಾರಿನ ಹಿಂದೆ ಪಿಟೀಲುಗಳ ಸಾಲು ನಿಲ್ಲಬೇಕು, ಇಡೀ ಆಲ್ಬಮ್ ಸೇರಿ ಒಂದೇ ಕಥೆ ಹೇಳಬೇಕು. ಇಷ್ಟಾದರೆ ತಂಡ ಬೆಳೆಯಿತು ಎಂದು ವಿಮರ್ಶಕರು ತಲೆದೂಗುತ್ತಾರೆ. ದೊಡ್ಡ ಕಂಪನಿಗಳ ಹಂಗು ಬೇಡವೆಂದು ಸಣ್ಣ ಲೇಬಲ್ಲುಗಳ ಆಸರೆಯಲ್ಲಿ ಬೆಳೆದ ಇಂಡಿ ಪಾಪ್ ಕೂಡ ಈ ಅಳತೆಗೋಲಿನಿಂದ ತಪ್ಪಿಸಿಕೊಂಡಿಲ್ಲ. ಅಳತೆಗೋಲು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ, ಅದನ್ನು ನಂಬಿದವರಿಂದ ಒಳ್ಳೆಯ ಸಂಗೀತವೂ ಹುಟ್ಟಿದೆ. ಆದರೆ ಪಾಪ್ ಹಾಡಿನ ಮೂಲ ಶಕ್ತಿಯ ಬಗ್ಗೆಯೇ ಅದಕ್ಕೊಂದು ಅಪನಂಬಿಕೆ ಇದೆ. ಸಣ್ಣ ಹಾಡು ಸಣ್ಣದಾಗಿಯೇ ಉಳಿದು ಹಿರಿದಾಗಬಲ್ಲದು ಎಂಬುದನ್ನು ಅದು ಒಪ್ಪುವುದಿಲ್ಲ. ಒಪ್ಪಿಸುವಂಥ ಸಾಕ್ಷಿ ಬೇಕಿದ್ದರೆ, ಮ್ಯಾಗ್ನೆಟಿಕ್ ಫೀಲ್ಡ್ಸ್ ಎಂಬ ಅಮೆರಿಕದ ಇಂಡಿ ಪಾಪ್ ತಂಡ 1999ರ ಸೆಪ್ಟೆಂಬರಿನಲ್ಲಿ ಹೊರತಂದ ‘69 ಲವ್ ಸಾಂಗ್ಸ್’ ಆಲ್ಬಮ್ಮಿಗಿಂತ ಗಟ್ಟಿಯಾದದ್ದು ನನಗೆ ಕಾಣುವುದಿಲ್ಲ.

ಹೆಸರಿನಲ್ಲಿ ಹೇಳಿದ್ದೇ ಒಳಗಿದೆ. ಮೂರು ಸಿ.ಡಿ., ಒಂದೊಂದರಲ್ಲಿ 23 ಹಾಡು, ಎಲ್ಲವೂ ಪ್ರೇಮಗೀತೆ, ಒಟ್ಟು ಮೂರು ಗಂಟೆಗೆ ಕೆಲವೇ ನಿಮಿಷ ಕಡಿಮೆ. ಎಲ್ಲವನ್ನೂ ಬರೆದು ರಾಗ ಕೂಡಿಸಿದವರು ತಂಡದ ಮುಖ್ಯಸ್ಥ ಸ್ಟೀಫನ್ ಮೆರಿಟ್. 1965ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತನಾಲ್ಕು ವಯಸ್ಸು. ಮ್ಯಾನ್‌ಹಟನ್ನಿನ ಒಂದು ಪಿಯಾನೋ ಬಾರಿನಲ್ಲಿ ಕುಳಿತು ಸ್ಟೀಫನ್ ಸಾಂಡ್‌ಹೈಮ್ ಅವರ ರಂಗಗೀತೆಗಳನ್ನು ಕೇಳುತ್ತಿದ್ದಾಗ ಈ ಯೋಜನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಚಾರ್ಲ್ಸ್ ಐವ್ಸ್ ಎಂಬ ಅಮೆರಿಕನ್ ಸಂಯೋಜಕ 1922ರಲ್ಲಿ ‘114 ಸಾಂಗ್ಸ್’ ಎಂಬ ಸಂಪುಟ ಪ್ರಕಟಿಸಿದ್ದೂ ಅವರ ಮನಸ್ಸಿನಲ್ಲಿತ್ತು. ಮೊದಲು ಅಂದುಕೊಂಡದ್ದು 100 ಹಾಡು. ಅಷ್ಟನ್ನು ಹಾಡಿ ಮುಗಿಸಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದ ಮೇಲೆ 69ಕ್ಕೆ ಇಳಿದರು. ಆಲ್ಬಮ್ ಹೊರತಂದದ್ದು ಉತ್ತರ ಕೆರೊಲಿನಾದ ಮರ್ಜ್ ರೆಕಾರ್ಡ್ಸ್. ಅದು ಸೂಪರ್‌ಚಂಕ್ ತಂಡದ ಮ್ಯಾಕ್ ಮೆಕಾನ್ ಮತ್ತು ಲಾರಾ ಬ್ಯಾಲೆನ್ಸ್ 1989ರಲ್ಲಿ ಕಟ್ಟಿದ ಲೇಬಲ್. ಆರ್ಕೆಸ್ಟ್ರಾ ಕರೆಸುವ ಹಣ ಅಲ್ಲಿರಲಿಲ್ಲ. ಹಾಡುಗಳಲ್ಲಿ ಬಹುಪಾಲು ಮೆರಿಟ್ ಅವರ ನ್ಯೂಯಾರ್ಕ್ ಮನೆಯಲ್ಲೇ ರೆಕಾರ್ಡ್ ಆದವು. ಸ್ಯಾಮ್ ಡಾವೊಲ್ ಅವರ ಚೆಲೊ, ಜಾನ್ ವೂ ಅವರ ಬ್ಯಾಂಜೊ ಮತ್ತು ಗಿಟಾರು, ಮುಂದೆ ಲೆಮೊನಿ ಸ್ನಿಕೆಟ್ ಎಂಬ ಹೆಸರಿನಿಂದ ಮಕ್ಕಳ ಕಾದಂಬರಿಕಾರರಾಗಿ ಪ್ರಸಿದ್ಧರಾದ ಡೇನಿಯಲ್ ಹ್ಯಾಂಡ್ಲರ್ ಅವರ ಅಕಾರ್ಡಿಯನ್, ಯುಕುಲೇಲಿ, ಅಗ್ಗದ ಸಿಂಥಸೈಜರು: ಹಿಮ್ಮೇಳ ಹೆಚ್ಚುಕಡಿಮೆ ಇಷ್ಟೇ. ಒಂದೊಂದು ಹಾಡೂ ಸರಾಸರಿ ಎರಡೂವರೆ ನಿಮಿಷ. ಹೀಗೆ ಸಣ್ಣದರ ಮೇಲೆ ಸಣ್ಣದನ್ನು ಇಡುತ್ತ ಹೋದ ಈ ಕೆಲಸದ ಆಸೆ ಮಾತ್ರ ಸಣ್ಣದಲ್ಲ. ಬರೆದವನನ್ನು ಬಿಟ್ಟು ತನ್ನ ಕಾಲ ಮೇಲೆ ತಾನು ನಿಲ್ಲುವ ಹಾಡನ್ನು ಕಟ್ಟುವುದೇ ಆ ಆಸೆ ಎಂಬುದು ನನ್ನ ವಾದ. ಪಾಪ್ ಸಂಗೀತದಲ್ಲಿ ಅದಕ್ಕಿಂತ ದೊಡ್ಡ ಮಹತ್ವಾಕಾಂಕ್ಷೆ ಇಲ್ಲ.

ಈ ಆಸೆ ಯಾಕೆ ದೊಡ್ಡದು ಎಂಬುದು ತಿಳಿಯಬೇಕಾದರೆ ಅಮೆರಿಕದ ಹಾಡಿನ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಹಾಡು ಬರೆಯುವವರು ಬೇರೆ, ಹಾಡುವವರು ಬೇರೆ. ಇರ್ವಿಂಗ್ ಬರ್ಲಿನ್, ಕೋಲ್ ಪೋರ್ಟರ್, ಗರ್ಷ್ವಿನ್ ಸಹೋದರರು ಬರೆದದ್ದನ್ನು ರಂಗನಟಿಯರು, ಜಾಝ್ ಗಾಯಕರು, ಮನೆಯಲ್ಲಿ ಪಿಯಾನೋ ನುಡಿಸುವವರು ತಮ್ಮ ತಮ್ಮ ದನಿಗೆ ಹೊಂದಿಸಿಕೊಂಡು ಹಾಡಿದರು. 1960ರ ದಶಕದ ಡೆಟ್ರಾಯ್ಟಿನ ಮೋಟೌನ್ ಕಂಪನಿಯಲ್ಲಿಯೂ ಇದೇ ಪದ್ಧತಿ. ಬ್ರಯನ್ ಹಾಲಂಡ್, ಲಮಾಂಟ್ ಡೋಜಿಯರ್, ಎಡ್ಡಿ ಹಾಲಂಡ್ ಎಂಬ ಮೂವರ ಕೂಟ ಬರೆದುಕೊಟ್ಟ ಹಾಡುಗಳಿಂದಲೇ ಸುಪ್ರೀಮ್ಸ್ ತಂಡ ಹತ್ತು ಸಲ ಅಮೆರಿಕದ ಮೊದಲ ಸ್ಥಾನಕ್ಕೇರಿತು. ಅದೇ ದಶಕದಲ್ಲಿ ಬಾಬ್ ಡಿಲನ್ ಮತ್ತು ಬೀಟಲ್ಸ್ ಪ್ರಭಾವದಿಂದ ಇನ್ನೊಂದು ನಂಬಿಕೆ ಬೇರುಬಿಟ್ಟಿತು. ತನ್ನ ಹಾಡನ್ನು ತಾನೇ ಬರೆದು ತಾನೇ ಹಾಡುವವನೇ ಪ್ರಾಮಾಣಿಕ ಎಂಬುದು ಆ ನಂಬಿಕೆ. ಇಂಡಿ ಸಂಗೀತಕ್ಕೆ ಅದು ಇನ್ನಷ್ಟು ಬಿಗಿಯಾಗಿ ಅಂಟಿಕೊಂಡಿತು. ಕಂಪನಿಯವರು ತಿದ್ದಿ ತೀಡಿದ್ದೆಲ್ಲ ಸುಳ್ಳು, ಒಡೆದ ದನಿಯಲ್ಲಿ ಎದೆ ಬಿಚ್ಚಿ ಹೇಳಿಕೊಂಡದ್ದು ಮಾತ್ರ ನಿಜ ಎಂದಾಯಿತು. ಮರ್ಜ್ ಲೇಬಲ್ಲೇ 1998ರಲ್ಲಿ ಹೊರತಂದ ನ್ಯೂಟ್ರಲ್ ಮಿಲ್ಕ್ ಹೋಟೆಲ್ ತಂಡದ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ ಈ ಬಗೆಯ ಸಂಗೀತದ ಅತ್ಯುತ್ತಮ ಮಾದರಿ. ಜೆಫ್ ಮ್ಯಾಂಗಮ್ ಅವರ ಕಿರುಚುವ ದನಿಯಿಂದ ಅದರ ಹಾಡುಗಳನ್ನು ಬೇರೆ ಮಾಡಿ ಊಹಿಸಿಕೊಳ್ಳುವುದು ಕಷ್ಟ. ಮರುವರ್ಷ ಅದೇ ಲೇಬಲ್ಲಿನಿಂದ ಬಂದ ಮೆರಿಟ್ ಅವರ ಆಲ್ಬಮ್ ಸರಿಯಾಗಿ ಎದುರು ದಿಕ್ಕಿಗೆ ಮುಖ ಮಾಡಿತ್ತು. ಇದು ಪ್ರೇಮದ ಕುರಿತ ಆಲ್ಬಮ್ ಅಲ್ಲವೇ ಅಲ್ಲ, ಪ್ರೇಮಗೀತೆಗಳ ಕುರಿತದ್ದು, ಎರಡಕ್ಕೂ ಬಹಳ ದೂರ ಎಂಬ ಅರ್ಥದ ಮಾತನ್ನು ಮೆರಿಟ್ ಆಡಿದ್ದಾರೆ.

ಕನ್ನಡದ ಕೇಳುಗರಿಗೆ ಈ ನಿಲುವು ಒಗಟಾಗಿ ಕಾಣಬೇಕಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪುಸ್ತಕವಾಗಿ ಬಂತು. ಅದರ ಕವಿತೆಗಳಿಗೆ ಮುಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ರಾಗ ಕೂಡಿಸಿದರು, ಇನ್ನೂ ಎಷ್ಟೋ ಜನ ಹಾಡಿದರು. ಆ ಹಾಡಿನ ‘ನಾನು’ ಕವಿಯೇ, ರಾಗ ಹಾಕಿದವರೇ, ಹಾಡುತ್ತಿರುವವರೇ ಎಂದು ಭಾವಗೀತೆ ಕೇಳುವವರು ತಕರಾರು ತೆಗೆಯುವುದಿಲ್ಲ. ಆ ‘ನಾನು’ ಯಾರು ಹಾಡಿದರೆ ಅವರದು, ಯಾರು ಕೇಳಿದರೆ ಅವರದು. ಕವಿ ಬೇರೆ, ಗಾಯಕ ಬೇರೆ ಆದ ಮಾತ್ರಕ್ಕೆ ಭಾವ ಸುಳ್ಳಾಗುತ್ತದೆಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ. ಇಂಡಿ ಪಾಪ್ ಕಳೆದುಕೊಂಡಿದ್ದ ಈ ತಿಳಿವಳಿಕೆಯನ್ನು ಮೆರಿಟ್ ಮರಳಿ ತರಲು ಹೊರಟರು. ಅದು ಅವರ ಒಂದು ಸಲದ ಹುಕಿಯೂ ಆಗಿರಲಿಲ್ಲ. 1991ರಲ್ಲಿ ಬಂದ ತಂಡದ ಮೊದಲ ಆಲ್ಬಮ್ಮಿನಲ್ಲಿ ಅವರ ಹಾಡುಗಳಿಗೆ ದನಿ ಕೊಟ್ಟವರು ಸೂಸನ್ ಆನ್ವೇ. 1995ರಲ್ಲಿ ‘ದಿ ಸಿಕ್ಸ್ತ್ಸ್’ ಎಂಬ ಹೆಸರಿನಲ್ಲಿ ಅವರು ಮಾಡಿದ ‘ವಾಸ್ಪ್ಸ್ ನೆಸ್ಟ್ಸ್’ ಆಲ್ಬಮ್ಮಿನಲ್ಲಿ ಹೆಚ್ಚುಕಡಿಮೆ ಹಾಡಿಗೊಬ್ಬರಂತೆ ಬೇರೆ ಬೇರೆ ಇಂಡಿ ಗಾಯಕರು ಹಾಡಿದರು. ‘69 ಲವ್ ಸಾಂಗ್ಸ್’ ಕೂಡ ಮೊದಲು ರೂಪ ತಳೆದದ್ದು ನಾಲ್ಕು ಜನ ಗಾಯಕರು ಹಂಚಿಕೊಂಡು ಹಾಡುವ ರಂಗಪ್ರದರ್ಶನವಾಗಿ.

ರೆಕಾರ್ಡಿನಲ್ಲಿ ಆ ಹಂಚಿಕೆ ಹೇಗೆ ಕೆಲಸ ಮಾಡಿದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೆರಿಟ್ ಅವರದು ಮಂದ್ರದಲ್ಲೇ ತಂಗುವ, ಭಾವವನ್ನು ಬಿಟ್ಟುಕೊಡಲು ಹಿಂಜರಿಯುವ ದನಿ. ಕ್ಲಾಡಿಯಾ ಗಾನ್ಸನ್, ಶರ್ಲಿ ಸಿಮ್ಸ್, ಎಲ್.ಡಿ. ಬೆಗ್ಟಲ್, ಡಡ್ಲಿ ಕ್ಲೂಟ್ ಎಂಬ ಇನ್ನು ನಾಲ್ವರ ದನಿಗಳು ಮೂರೂ ಸಿ.ಡಿ.ಗಳಲ್ಲಿ ಮಧ್ಯೆ ಮಧ್ಯೆ ಬರುತ್ತವೆ. ಯಾವ ಹಾಡನ್ನು ಯಾರು ಯಾರನ್ನು ಕುರಿತು ಹಾಡುತ್ತಾರೆ ಎಂಬುದಕ್ಕೆ ಇಲ್ಲಿ ಕಟ್ಟುಪಾಡಿಲ್ಲ. ‘ವೆನ್ ಮೈ ಬಾಯ್ ವಾಕ್ಸ್ ಡೌನ್ ದಿ ಸ್ಟ್ರೀಟ್’ ಹಾಡಿನಲ್ಲಿ ಗಂಡಸೊಬ್ಬ ತನ್ನ ಹುಡುಗ ಬೀದಿಯಲ್ಲಿ ನಡೆದುಬರುವ ಚೆಂದವನ್ನು ಕೊಂಡಾಡುತ್ತಾನೆ. ‘ಅಕೂಸ್ಟಿಕ್ ಗಿಟಾರ್’ ಹಾಡಿನಲ್ಲಿ ಗಾನ್ಸನ್ ತಮ್ಮ ಗಿಟಾರನ್ನೇ ಮಾತಾಡಿಸಿ, ಬಿಟ್ಟುಹೋದ ಹುಡುಗಿಯನ್ನು ಮರಳಿ ತಂದುಕೊಡು ಎಂದು ಬೇಡುತ್ತಾರೆ. ಪಕ್ಕದ ಹಾಡುಗಳಲ್ಲಿ ಗಂಡು ಹೆಣ್ಣನ್ನೋ ಹೆಣ್ಣು ಗಂಡನ್ನೋ ಬಯಸುತ್ತದೆ. ಮೆರಿಟ್ ಸಲಿಂಗಿ, ಅದನ್ನು ಮುಚ್ಚಿಟ್ಟವರಲ್ಲ. ಆದರೂ ಆಲ್ಬಮ್ ಈ ವೈವಿಧ್ಯವನ್ನು ಎಲ್ಲಿಯೂ ಘೋಷಿಸುವುದಿಲ್ಲ, ಸಮರ್ಥಿಸಿಕೊಳ್ಳುವುದೂ ಇಲ್ಲ. ಪ್ರೇಮಗೀತೆ ಎಂಬ ಹಳೆಯ ಅಚ್ಚಿಗೆ ಯಾರ ಬಯಕೆ ಬೇಕಾದರೂ ಹೊಂದುತ್ತದೆ ಎಂಬುದನ್ನು ಹಾಡಿ ತೋರಿಸಿ ಸುಮ್ಮನಾಗುತ್ತದೆ. ಒಬ್ಬ ಗಾಯಕ ತನ್ನದೇ ಕಥೆ ಹೇಳಿಕೊಂಡಿದ್ದರೆ ಅದು ಒಬ್ಬನ ಅಳಲಾಗಿ ಉಳಿಯುತ್ತಿತ್ತು. 69 ಹಾಡು, ಐದು ದನಿ ಆದಾಗ ಅದು ಎಲ್ಲರಿಗೂ ಸೇರಿದ ಹಕ್ಕಿನಂತೆ ಕೇಳುತ್ತದೆ. 1999ರ ಅಮೆರಿಕದಲ್ಲಿ ಇದು ಎಂಥ ಮಾತು ಎಂಬುದನ್ನು ನೆನೆದರೆ, ರೂಪದ ಆಯ್ಕೆಯೊಂದು ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯುತ್ತದೆ.

ಎರಡನೆಯ ಸಿ.ಡಿ.ಯಲ್ಲಿರುವ ‘ಪಾಪಾ ವಾಸ್ ಎ ರೋಡಿಯೋ’ ನನ್ನ ವಾದಕ್ಕೆ ಇನ್ನೂ ಬಲವಾದ ಆಧಾರ. ಊರೂರು ತಿರುಗುವ ಬದುಕಿನಲ್ಲೇ ಬೆಳೆದವನೊಬ್ಬ ಬಾರಿನಲ್ಲಿ ಸಿಕ್ಕ ಮೈಕ್ ಎಂಬ ಅಪರಿಚಿತರಿಗೆ ತನ್ನ ಪೂರ್ವಾಪರ ಹೇಳಿಕೊಳ್ಳುತ್ತಾನೆ. ಅಪ್ಪ ಅಮ್ಮ ಎಂಥವರು, ತಾನು ಯಾಕೆ ಎಲ್ಲಿಯೂ ನಿಲ್ಲಲಾರೆ ಎಂಬುದೇ ಪಲ್ಲವಿ. ಇದು ಒಂದು ರಾತ್ರಿಯ ಮಾತು, ಮೇಲೆ ಏನೂ ನಿರೀಕ್ಷಿಸಬೇಡ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಹಳ್ಳಿಗಾಡಿನ ಕಂಟ್ರಿ ಸಂಗೀತದ ನೂರಾರು ಹಾಡುಗಳು ಇಲ್ಲಿಗೆ ನಿಂತಿವೆ. ಮೆರಿಟ್ ನಿಲ್ಲಿಸುವುದಿಲ್ಲ. ಕೊನೆಯ ಚರಣಕ್ಕೆ ಬಂದಾಗ 55 ವರ್ಷ ಕಳೆದಿದೆ, ಇಬ್ಬರೂ ಜೊತೆಯಲ್ಲೇ ಬಾಳಿದ್ದಾರೆ. ಆ ರಾತ್ರಿ ಎದುರಿನವರು ಕೊಟ್ಟ ಉತ್ತರ ಈಗ ಶರ್ಲಿ ಸಿಮ್ಸ್ ಅವರ ದನಿಯಲ್ಲಿ ಬರುತ್ತದೆ. ಉತ್ತರ ಬೇರೇನೂ ಅಲ್ಲ, ಅದೇ ಪಲ್ಲವಿ. ಅಷ್ಟು ಹೊತ್ತು ಒಬ್ಬನ ಒಂಟಿತನದ ಗುರುತೆಂದು ನಾವು ಕೇಳಿಸಿಕೊಂಡಿದ್ದ ಸೊಲ್ಲು ಇನ್ನೊಬ್ಬರದೂ ಆಗಿತ್ತು. ಹೆಸರು ಗಂಡಿನದು, ದನಿ ಹೆಣ್ಣಿನದು, ಹಾಡು ಅದನ್ನು ಬಿಡಿಸಿ ಹೇಳುವ ಗೋಜಿಗೇ ಹೋಗುವುದಿಲ್ಲ. ನನ್ನ ನೋವು ನನ್ನೊಬ್ಬನದೇ ಎಂಬ ನಂಬಿಕೆ ಇನ್ನೊಬ್ಬರ ಬಾಯಲ್ಲಿ ಅದೇ ಮಾತು ಕೇಳಿದ ಕ್ಷಣಕ್ಕೆ ಕರಗುತ್ತದೆ ಎಂಬುದನ್ನು ಈ ಹಾಡು ಉಪದೇಶವಿಲ್ಲದೆ, ಪಲ್ಲವಿಯನ್ನು ಕೈ ಬದಲಾಯಿಸಿಯೇ ಸಾಧಿಸಿಬಿಡುತ್ತದೆ. ಐದು ನಿಮಿಷದಲ್ಲಿ ಒಂದು ಇಡೀ ದಾಂಪತ್ಯ ಮುಗಿದು ಕಣ್ಣು ತೇವವಾದರೆ ಅದಕ್ಕೆ ಕಾರಣ ವಾದ್ಯಗಳ ಆರ್ಭಟ ಅಲ್ಲ, ಪಲ್ಲವಿ ಚರಣಗಳ ಹಳೆಯ ವ್ಯವಸ್ಥೆಯನ್ನು ಬಲ್ಲವರು ಬಳಸಿದ ರೀತಿ.

ಬರೆದವನನ್ನು ಬಿಟ್ಟು ನಿಲ್ಲುವ ಹಾಡಿಗೆ ಬೇಕಾದ ಮೊದಲ ಆಸ್ತಿ ಧಾಟಿ. ದನಿಯ ಬಣ್ಣ, ಗಿಟಾರಿನ ಸದ್ದು, ಸ್ಟುಡಿಯೋದ ಕೈಚಳಕ ಇವೆಲ್ಲ ಒಂದು ರೆಕಾರ್ಡಿಗೆ ಅಂಟಿಕೊಂಡ ಗುಣಗಳು. ಧಾಟಿಯೊಂದೇ ಕೇಳಿದವರ ಜೊತೆ ಮನೆಗೆ ಹೋಗಬಲ್ಲದ್ದು. ಮೆರಿಟ್ ಇದನ್ನು ಬಲ್ಲರೆಂಬುದಕ್ಕೆ ಆಲ್ಬಮ್ಮಿನ ಮೊದಲ ಹಾಡು ‘ಅಬ್ಸೊಲ್ಯೂಟ್ಲಿ ಕುಕೂ’ ಸಾಕು. ಒಂದೂವರೆ ನಿಮಿಷದ ಆ ಹಾಡಿನಲ್ಲಿ ಉಸಿರು ತೆಗೆದುಕೊಳ್ಳಲು ಎಡೆಯಿಲ್ಲದಂತೆ ಸ್ವರಗಳು ಒಂದರ ಬೆನ್ನಿಗೊಂದು ಓಡುತ್ತವೆ. ಇನ್ನೂ ನನ್ನನ್ನು ಪ್ರೀತಿಸಬೇಡ, ನನ್ನ ಗುಣ ನಿನಗೆ ತಿಳಿಯದು ಎಂದು ಎಚ್ಚರಿಸುವವನ ತಳಮಳ ಆ ಓಟದಲ್ಲೇ ಇದೆ. ಮುಂದೆ ಅದೇ ಧಾಟಿ ತನ್ನ ಮೇಲೇ ತಾನು ಹೊರಳಿ ಒಂದು ದನಿಯ ಹಿಂದೆ ಇನ್ನೊಂದು ಹೊರಟಾಗಲೂ ಎಳೆ ಸಿಕ್ಕಾಗುವುದಿಲ್ಲ. ‘ರೀನೋ ಡಕೋಟಾ’ ಒಂದು ನಿಮಿಷದ ಚಿಲ್ಲರೆಯ ಹಾಡು. ಫೋನ್ ಮಾಡದೆ ಸತಾಯಿಸುವ ಒಬ್ಬರ ಹೆಸರಿಗೆ ಪ್ರಾಸ ಹುಡುಕುತ್ತ ಹೊರಟ ಗಾನ್ಸನ್ ಇಟಲಿಯ ಚಲನಚಿತ್ರ ಸಂಗೀತಗಾರ ನೀನೋ ರೋಟಾ ಅವರನ್ನು ಮುಟ್ಟುತ್ತಾರೆ, ಮನಸ್ಸು ಕವಿದ ನೀಲಿಗೆ ಮುದ್ರಕರು ಬಳಸುವ ಪ್ಯಾಂಟೋನ್ ಬಣ್ಣದ ಪಟ್ಟಿಯಿಂದ 292 ಎಂಬ ಸಂಖ್ಯೆಯನ್ನೇ ಕೊಡುತ್ತಾರೆ. ಪ್ರಾಸದ ಆಟ ಇಷ್ಟು ಬಿಗಿಯಾಗಿದ್ದರೂ ಕೈಬಿಟ್ಟವರನ್ನು ಕಾಯುವವರ ಸಂಕಟ ಅದರ ಅಡಿಯಲ್ಲಿ ಕೇಳುತ್ತಲೇ ಇರುತ್ತದೆ. ಛಂದಸ್ಸಿನ ಕಟ್ಟು ಬಿಗಿಯಾದಷ್ಟೂ ಭಾವ ತೆಳುವಾಗುತ್ತದೆ ಎನ್ನುವವರು ಈ ಹಾಡನ್ನು ಗಮನವಿಟ್ಟು ಕೇಳಬೇಕು.

ಧಾಟಿಯ ನಿಜವಾದ ಪರೀಕ್ಷೆ ನಡೆಯುವುದು ಬೇರೆಯವರ ಬಾಯಲ್ಲಿ. ‘ದಿ ಬುಕ್ ಆಫ್ ಲವ್’ ಆ ಪರೀಕ್ಷೆಯನ್ನು ಎಲ್ಲರೆದುರು ಗೆದ್ದ ಹಾಡು. ಮೆರಿಟ್ ಹಾಡಿದ ಮೂಲದಲ್ಲಿ ಇರುವುದು ತೆಳುವಾದ ತಂತಿವಾದ್ಯ ಮತ್ತು ಆ ಮಂದ್ರದ ದನಿ, ಎರಡೂಮುಕ್ಕಾಲು ನಿಮಿಷದೊಳಗೆ ಮುಗಿದುಹೋಗುತ್ತದೆ. ಪೀಟರ್ ಗೇಬ್ರಿಯಲ್ ಅದನ್ನು ತಂತಿವಾದ್ಯಗಳ ದೊಡ್ಡ ಮೇಳದೊಂದಿಗೆ ಹಾಡಿದರು. ಅವರ ಆವೃತ್ತಿ 2004ರ ‘ಶಲ್ ವಿ ಡಾನ್ಸ್’ ಚಿತ್ರದಲ್ಲಿ ಬಂತು, 2010ರ ‘ಸ್ಕ್ರ್ಯಾಚ್ ಮೈ ಬ್ಯಾಕ್’ ಆಲ್ಬಮ್ಮಿನಲ್ಲಿಯೂ ಸೇರಿತು. ಮದುವೆಯ ಮನೆಗಳಲ್ಲಿ ಅದನ್ನು ನುಡಿಸುವವರಿಗೆ ಮೆರಿಟ್ ಯಾರೆಂದು ಗೊತ್ತಿರಲೇಬೇಕೆಂದಿಲ್ಲ. ಇಂಡಿ ಅಭಿಮಾನಿಗಳಲ್ಲಿ ಕೆಲವರಿಗೆ ಇದು ಮೂಲಕ್ಕೆ ಆದ ನಷ್ಟವಾಗಿ ಕಾಣಬಹುದು. ನನಗೆ ಅದು ಹಾಡಿನ ಗೆಲುವಾಗಿಯೇ ಕಾಣುತ್ತದೆ, ಏಕೆಂದರೆ ಹಾಡು ಹೇಳುತ್ತಿರುವುದೂ ಇದನ್ನೇ. ಪ್ರೇಮದ ಗ್ರಂಥ ಉದ್ದ, ಬೇಸರ, ಎತ್ತಲಾಗದಷ್ಟು ಭಾರ, ಅದರಲ್ಲಿರುವುದೆಲ್ಲ ಸವೆದ ಮಾತು ಎಂದು ಮೊದಲೇ ಒಪ್ಪಿಕೊಳ್ಳುವ ಹಾಡು ಇದು. ಒಪ್ಪಿಕೊಂಡ ಮೇಲೆ, ಅದನ್ನೇ ನೀನು ಓದಿ ಹೇಳಿದರೆ, ಹಾಡಿದರೆ, ಕೈಗೆ ತಂದುಕೊಟ್ಟರೆ ನನಗೆ ಇಷ್ಟ ಎನ್ನುತ್ತದೆ. ಮಾತು ಹಳೆಯದು, ಕೊಡುವವರು ಹೊಸಬರು. ಅಜ್ಜಿಯ ಒಡವೆ ಮೊಮ್ಮಗಳ ಕೊರಳಿಗೆ ಬಂದಾಗ ಅದು ಹಳತೆಂದು ಯಾರೂ ಅಲ್ಲಗಳೆಯುವುದಿಲ್ಲ, ಹಾಗೆಯೇ ಇದು. ತೀರ ಕಿರಿದಾದ ಸ್ವರವ್ಯಾಪ್ತಿಯಲ್ಲಿ ಮೂರು ಸಲ ಮರಳುವ ಆ ಧಾಟಿಯನ್ನು ಹಾಡಲು ತರಬೇತಾದ ಕಂಠ ಬೇಕಿಲ್ಲ. ಯಾರು ಬೇಕಾದರೂ ತಮಗೆ ಬೇಕಾದವರಿಗೆ ಹಾಡಿಕೊಡಬಹುದು ಎಂದೇ ಅದನ್ನು ಕಟ್ಟಲಾಗಿದೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಈ ಆಲ್ಬಮ್ಮಿನ ತುಂಬ ಅನುಕರಣೆಯೇ ಇದೆಯಲ್ಲ, ಸ್ಕಾಟ್‌ಲಂಡಿನ ಜನಪದದ ಧಾಟಿ ಒಂದು ಕಡೆ, ಐರ್ಲಂಡಿನ ಬ್ಯಾಲಡ್ ಇನ್ನೊಂದು ಕಡೆ, ಸಿಂಥ್ ಪಾಪ್, ಕಂಟ್ರಿ, ಪಂಕ್, ಜಾಝ್ ಎಲ್ಲವೂ ವೇಷಗಳಂತೆ ಬಂದುಹೋಗುತ್ತವೆ, ವೇಷ ಕಳಚಿದರೆ ಒಳಗೆ ಯಾರಿದ್ದಾರೆ, ಎಂಬುದು ಆ ಆಕ್ಷೇಪ. ಬೇರೆ ಬೇರೆ ಶೈಲಿಗಳಲ್ಲಿ ಬರೆಯಬಲ್ಲೆ ಎಂಬ ಜಾಣ್ಮೆಗೂ ಮಿಡಿಯುವ ಎದೆಗೂ ವ್ಯತ್ಯಾಸವಿದೆ ಎಂದು ಹೀಗೆ ಆಕ್ಷೇಪಿಸುವವರು ಹೇಳುವುದರಲ್ಲಿ ಹುರುಳಿದೆ. ಆದರೆ ಪ್ರೇಮದಲ್ಲಿ ಬಿದ್ದವರು ತಮ್ಮದೇ ಹೊಸ ಭಾಷೆಯಲ್ಲಿ ಮಾತಾಡುತ್ತಾರೆಂದು ಈ ಆಕ್ಷೇಪ ನಂಬಿಕೊಂಡಿದೆ. ವಾಸ್ತವದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಕೇಳಿದ ಹಾಡು, ನೋಡಿದ ಸಿನಿಮಾ, ಓದಿದ ಪತ್ರ ಇವುಗಳಿಂದ ಎರವಲು ತಂದ ಮಾತುಗಳಲ್ಲೇ ಪ್ರತಿಯೊಬ್ಬರೂ ತಮ್ಮ ಮನಸ್ಸನ್ನು ತೋಡಿಕೊಳ್ಳುತ್ತಾರೆ. ‘ಐ ಡೋಂಟ್ ವಾಂಟ್ ಟು ಗೆಟ್ ಓವರ್ ಯು’ ಹಾಡಿನ ನಾಯಕ ವಿರಹಿಗಳಿಗೆ ಒದಗುವ ಸಿದ್ಧ ವೇಷಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಮಾತ್ರೆ, ಮದ್ಯ, ಕಪ್ಪು ಬಟ್ಟೆ, ಕಮೂವಿನ ಪುಸ್ತಕ. ಎಲ್ಲವನ್ನೂ ಪಕ್ಕಕ್ಕಿಟ್ಟು, ಮರೆಯುವ ಮನಸ್ಸೇ ನನಗಿಲ್ಲ ಎಂಬಲ್ಲಿಗೆ ಬರುತ್ತಾನೆ. ವೇಷಗಳ ಪರಿಚಯ ಅವನಿಗೆ ಚೆನ್ನಾಗಿರುವುದರಿಂದಲೇ ಕೊನೆಯಲ್ಲಿ ಉಳಿದ ಮಾತು ನಿಜವೆಂದು ನಮಗೆ ನಾಟುತ್ತದೆ. ರೂಢಿಯ ಮಾತನ್ನು ದಾಟಿ ಆಚೆ ಹೋಗುವ ದಾರಿ ರೂಢಿಯ ಮಾತಿನ ನಡುವಿನಿಂದಲೇ ಹಾಯುತ್ತದೆ.

ಮೂರನೆಯ ಸಿ.ಡಿ.ಯ ‘ದಿ ಡೆತ್ ಆಫ್ ಫರ್ಡಿನಾಂಡ್ ಡಿ ಸೊಸ್ಯೂರ್’ ಹಾಡಿನಲ್ಲಿ ಮೆರಿಟ್ ಈ ವಾದವನ್ನು ನೇರವಾಗಿ ಕೈಗೆತ್ತಿಕೊಳ್ಳುತ್ತಾರೆ. 1913ರಲ್ಲಿ ತೀರಿಕೊಂಡ ಜಿನೀವಾದ ಭಾಷಾವಿಜ್ಞಾನಿ ಸೊಸ್ಯೂರ್ ಇಪ್ಪತ್ತನೆಯ ಶತಮಾನದ ಚಿಂತನೆಗೆ ಹೊಸ ತಿರುವು ಕೊಟ್ಟವರು. ಹಾಡಿನಲ್ಲಿ ಅವರ ಹೆಸರಿನ ಪಾತ್ರ ಪ್ರೇಮವೆಂಬುದು ನಮ್ಮ ಅರಿವಿಗೆ ಸಿಕ್ಕುವಂಥದ್ದಲ್ಲ ಎಂದು ಒಣಗಿದ ತರ್ಕ ಹೂಡುತ್ತದೆ. ಅದನ್ನು ಕೇಳಿ ತಾಳ್ಮೆಗೆಟ್ಟ ಹಾಡುಗಾರ, ಹಾಲಂಡ್, ಡೋಜಿಯರ್, ಹಾಲಂಡ್ ಹೆಸರೆತ್ತಿ ಆ ಪಂಡಿತನಿಗೆ ಗುಂಡು ಹೊಡೆಯುತ್ತಾನೆ. ಘಟನೆ ಕಲ್ಪಿತವಾದರೂ ನಿಲುವು ಖಚಿತವಾಗಿದೆ. ಪ್ರೇಮ ಏನೆಂದು ವಿವರಿಸಲಾಗದಿರಬಹುದು, ಆದರೆ ಡೆಟ್ರಾಯ್ಟಿನ ಮೂವರು ಕಸುಬುದಾರರು ಸಂಬಳಕ್ಕೆ ಬರೆದ ಮೂರು ನಿಮಿಷದ ಹಾಡುಗಳಲ್ಲಿ ಅದು ಕೋಟ್ಯಂತರ ಜನರಿಗೆ ಮನವರಿಕೆಯಾಗಿದೆ. ಆ ಮೂವರ ಪರವಾಗಿ ಮೆರಿಟ್ ತೋರಿಸುವ ಕೋಪ ನನಗೆ ಇಡೀ ಆಲ್ಬಮ್ಮಿನ ಎದೆಬಡಿತದಂತೆ ಕೇಳುತ್ತದೆ. ಹಾಡು ಕಟ್ಟುವುದನ್ನು ಕಸುಬೆಂದು ಕರೆದರೆ ಕೀಳು, ಆತ್ಮನಿವೇದನೆ ಎಂದು ಕರೆದರೆ ಮೇಲು ಎಂಬ ಶ್ರೇಣಿಗೆ ಇದು ಅವರ ಉತ್ತರ. ಕಸುಬಿನಲ್ಲಿ ಅಷ್ಟು ನಿಷ್ಠೆಯುಳ್ಳವರನ್ನು ಎದೆಯಿಲ್ಲದವರೆಂದು ಕರೆಯುವುದು ಅನ್ಯಾಯ.

ಇನ್ನೊಂದು ಆಕ್ಷೇಪ ಸಂಖ್ಯೆಯ ಬಗ್ಗೆ. 69 ಎಂಬುದು ಗಮನ ಸೆಳೆಯುವ ತಂತ್ರ, ಒಳ್ಳೆಯ ಹಾಡುಗಳನ್ನಷ್ಟೇ ಆರಿಸಿ ಒಂದೇ ಸಿ.ಡಿ. ಮಾಡಿದ್ದರೆ ಇನ್ನೂ ಶ್ರೇಷ್ಠ ಆಲ್ಬಮ್ ಆಗುತ್ತಿತ್ತು ಎನ್ನುವವರಿದ್ದಾರೆ. ಎಲ್ಲ ಹಾಡುಗಳೂ ಒಂದೇ ತೂಕದವಲ್ಲ ಎಂಬುದು ನಿಜ. ‘ಲವ್ ಈಸ್ ಲೈಕ್ ಜಾಝ್’ ತನ್ನ ಒಂದೇ ಹೊಳಹನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಎಳೆಯುತ್ತದೆ. ‘ವರ್ಲ್ಡ್ ಲವ್’ ಆಫ್ರಿಕದ ಲಯಗಳನ್ನು ಮೇಲೆ ಮೇಲೆ ಮುಟ್ಟಿ ಮುಂದೆ ಹೋಗುತ್ತದೆ. ಅರ್ಧ ನಿಮಿಷದ ‘ಎಕ್ಸ್‌ಪೆರಿಮೆಂಟಲ್ ಮ್ಯೂಸಿಕ್ ಲವ್’ ಹಾಡೆನ್ನುವುದಕ್ಕಿಂತ ಒಂದು ಗುರುತು. ಇಷ್ಟನ್ನು ಒಪ್ಪಿಕೊಂಡರೂ ಆಯ್ಕೆಯ ಸಲಹೆಯನ್ನು ನಾನು ಒಪ್ಪಲಾರೆ. ಅತ್ಯುತ್ತಮವಾದ ಇಪ್ಪತ್ತನ್ನೇ ಉಳಿಸಿದ್ದರೆ ಅದು ಒಬ್ಬ ಒಳ್ಳೆಯ ಗೀತಕಾರನ ಒಳ್ಳೆಯ ಆಲ್ಬಮ್ ಆಗುತ್ತಿತ್ತು, ಹಾಡುಗಳೆಲ್ಲ ಅವನ ಬದುಕಿನ ಸುಳಿವುಗಳಂತೆ ಕೇಳುತ್ತಿದ್ದವು. ಸಂಖ್ಯೆ ಆ ಓದನ್ನು ಸಾಧ್ಯವಾಗಗೊಡುವುದಿಲ್ಲ. ಇಷ್ಟೊಂದು ಸಲ ಪ್ರೀತಿಸಿ, ಇಷ್ಟೊಂದು ಸಲ ಬಿಟ್ಟುಹೋಗಿ, ಕಾರಿರುವ ಕುರೂಪಿಯೂ ಯುದ್ಧಕ್ಕೆ ಹೊರಟ ಸೈನಿಕನೂ ಒಬ್ಬನೇ ಆಗಿರಲು ಬರುವುದಿಲ್ಲ ಎಂದು ಕೇಳುಗರು ಬೇಗನೆ ಅರಿತುಕೊಳ್ಳುತ್ತಾರೆ. ಆಗ ಅವರ ಗಮನ ಬರೆದವರ ಖಾಸಗಿ ಬದುಕನ್ನು ಬಿಟ್ಟು ಹಾಡಿನ ಕಡೆಗೆ, ತಮ್ಮ ಕಡೆಗೆ ತಿರುಗುತ್ತದೆ. ಒಂದೇ ವಸ್ತುವನ್ನು ಅಷ್ಟು ಬಾರಿ ಕೈಗೆತ್ತಿಕೊಳ್ಳಬೇಕಾದಾಗ ಕವಿಯ ಕೈಯಲ್ಲಿ ಮೊದಲು ಖಾಲಿಯಾಗುವುದು ಅವನ ಸ್ವಂತ ಅನುಭವ. ಅದು ಮುಗಿದ ಮೇಲೆ ಬೇರೆಯವರ ಬದುಕನ್ನು ಊಹಿಸಿಕೊಳ್ಳದೆ ಗತ್ಯಂತರವಿಲ್ಲ. ಸಂಖ್ಯೆ ಇಲ್ಲಿ ಕೆಲಸ ಮಾಡಿರುವುದು ಕಲ್ಪನೆಯನ್ನು ತನ್ನಿಂದ ಹೊರಗೆ ಎಳೆಯುವ ನಿಯಮವಾಗಿ. ಸಪ್ಪೆಯಾದ ಕೆಲವು ಹಾಡುಗಳು ಆ ನಿಯಮಕ್ಕೆ ತೆತ್ತ ಬೆಲೆ, ಮತ್ತು ಆ ಬೆಲೆ ದುಬಾರಿಯಲ್ಲ.

ಮೆರಿಟ್ ಅವರ ಮುಂದಿನ ಕೆಲಸವೂ ಇದಕ್ಕೆ ಪುಷ್ಟಿ ಕೊಡುತ್ತದೆ. 2004ರ ‘ಐ’ ಆಲ್ಬಮ್ಮಿನ ಹಾಡುಗಳ ಹೆಸರುಗಳೆಲ್ಲ ಅದೇ ಅಕ್ಷರದಿಂದ ಮೊದಲಾಗುತ್ತವೆ. 2017ರಲ್ಲಿ ‘50 ಸಾಂಗ್ ಮೆಮ್ವಾರ್’ ಎಂಬ ಹೆಸರಿನಲ್ಲಿ ತಮ್ಮ ಬದುಕಿನ ವರ್ಷಕ್ಕೊಂದರಂತೆ 50 ಹಾಡು ಬರೆದು ಎಲ್ಲವನ್ನೂ ತಾವೇ ಹಾಡಿದರು. ಆತ್ಮಕಥೆಗೆ ಕೈಹಾಕಿದಾಗಲೂ ಅವರಿಗೆ ಲೆಕ್ಕದ ಚೌಕಟ್ಟು ಬೇಕಾಯಿತು ಎಂಬುದು ಗಮನಿಸಬೇಕಾದ ಸಂಗತಿ. ಅದರಲ್ಲಿ ಸೊಗಸಾದ ಹಾಡುಗಳಿವೆ, ಕಸುಬು ಸಡಿಲಾಗಿಲ್ಲ. ಆದರೆ ಆ ಹಾಡುಗಳು ಮೆರಿಟ್ ಅವರವಾಗಿಯೇ ಉಳಿದಿವೆ, ‘ದಿ ಬುಕ್ ಆಫ್ ಲವ್’ ಹಾಗೆ ಊರೆಲ್ಲ ಸುತ್ತಿಲ್ಲ. ಬರೆದವರ ಪ್ರತಿಭೆ ಅದೇ, ಹಾಡಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹಾಡು ಯಾರಿಗೆ ಸೇರಿದ್ದು ಎಂಬ ಪ್ರಶ್ನೆಗೆ ಎರಡು ಆಲ್ಬಮ್‌ಗಳು ಕೊಟ್ಟ ಉತ್ತರ ಬೇರೆ.

ಈಗ ಸಂಗೀತ ಕೇಳುವ ರೀತಿಯೇ ಬದಲಾಗಿದೆ, ಫೋನಿನಲ್ಲಿ ಹಾಡುಗಳು ಬಿಡಿಬಿಡಿಯಾಗಿ ಬರುತ್ತವೆ, ಮೂರು ಗಂಟೆ ಕೂತು ಕೇಳುವ ವ್ಯವಧಾನ ಯಾರಿಗಿದೆ ಎಂದು ಕೇಳಬಹುದು. ‘69 ಲವ್ ಸಾಂಗ್ಸ್’ ಮಟ್ಟಿಗೆ ಈ ಬದಲಾವಣೆ ಸಾವಿನ ಸುದ್ದಿಯೇನೂ ಆಗಿಲ್ಲ. ಬಿಡಿಯಾಗಿ ಕೇಳಿದರೂ ಪೂರ್ತಿಯಾಗಿ ನಿಲ್ಲುವಂತೆ ಅದರ ಪ್ರತಿ ಹಾಡನ್ನೂ ಕಟ್ಟಲಾಗಿದೆ. ಇಡಿಯಾಗಿ ಕೇಳುವವರಿಗೂ ಅದು ಬಾಗಿಲು ಮುಚ್ಚಿಲ್ಲ: 25 ವರ್ಷ ತುಂಬಿದ 2024ರಲ್ಲಿ ತಂಡ ಇಡೀ ಆಲ್ಬಮ್ಮನ್ನು ಊರೂರಿನಲ್ಲಿ ಎರಡೆರಡು ರಾತ್ರಿಗಳಿಗೆ ಹಂಚಿ ಹಾಡಿತು. ಕಥೆಯ ಎಳೆಯಲ್ಲಿ ಬಿಗಿದ ಎಷ್ಟೋ ಮಹತ್ವಾಕಾಂಕ್ಷೆಯ ಆಲ್ಬಮ್‌ಗಳಿಗೆ ಈ ಅನುಕೂಲವಿಲ್ಲ, ಅವುಗಳಿಂದ ಒಂದು ಹಾಡನ್ನು ಕಿತ್ತರೆ ಎರಡೂ ಬಡವಾಗುತ್ತವೆ. ಹೊಸ ಇಂಡಿ ಪಾಪ್ ತಂಡವೊಂದು ತನ್ನ ಎರಡನೆಯದೋ ಮೂರನೆಯದೋ ಆಲ್ಬಮ್ಮಿನ ಹೊತ್ತಿಗೆ ದೊಡ್ಡದೇನನ್ನಾದರೂ ಮಾಡಬೇಕೆಂದು ಹೊರಟಾಗ, ಆರ್ಕೆಸ್ಟ್ರಾಕ್ಕೆ ಹಣ ಹೊಂದಿಸುವ ಮುಂಚೆ ತನ್ನ ಹಾಡುಗಳಿಗೆ ಒಂದು ಸರಳ ಪ್ರಶ್ನೆ ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಗಾಯಕಿಯ ದನಿ, ನಮ್ಮ ಗಿಟಾರು, ನಮ್ಮ ಹೆಸರು ಯಾವುದೂ ಇಲ್ಲದೆ, ನಮ್ಮನ್ನು ಕಂಡರಿಯದ ಊರಿನಲ್ಲಿ ಯಾರೋ ಒಬ್ಬರು ಇದನ್ನು ತಮಗೆ ಬೇಕಾದವರ ಮುಂದೆ ತಮ್ಮದೆಂದೇ ಹಾಡಬಲ್ಲರೆ? ಹೌದು ಎಂದು ಹೇಳಬಲ್ಲ ಒಂದೇ ಒಂದು ಹಾಡು ಬರೆಯುವುದು 40 ವಾದಕರನ್ನು ಕರೆಸುವುದಕ್ಕಿಂತ ಕಷ್ಟ. ಮೆರಿಟ್ ಅಂಥದ್ದನ್ನು ಒಂದಲ್ಲ, ಒಂದೇ ಆಲ್ಬಮ್ಮಿನಲ್ಲಿ ಹತ್ತಾರು ಬರೆದರು. ಅದಕ್ಕೇ ನಾನು ಅದನ್ನು ಇಂಡಿ ಪಾಪ್ ಇದುವರೆಗೆ ಕಂಡ ಅತಿ ದೊಡ್ಡ ಆಸೆಯ ಆಲ್ಬಮ್ ಎನ್ನುತ್ತೇನೆ, ಮತ್ತು ಆ ಆಸೆ ಕೈಗೂಡಿದೆ ಎಂದೂ ಹೇಳುತ್ತೇನೆ.